ಅಡುಗೆಮನೆಯ ಗೋಡೆಗೆ ಬಣ್ಣ: ಆಯ್ಕೆ, ಎಡವಟ್ಟು, ತಿದ್ದುಪಡಿ

ದುರ್ಗಾಪೂಜೆ ಸಮೀಪಿಸುತ್ತಿದ್ದಂತೆ ಕೋಲ್ಕತ್ತದ ಬೀದಿಗಳಲ್ಲಿ ಪೂಜಾ ಮಂಟಪಗಳ ಬಿದಿರು ಮೇಲೇಳುತ್ತದೆ. ಅದರ ಜೊತೆಜೊತೆಗೇ ಮನೆಗಳ ಮುಂದೆಯೂ ಬಣ್ಣ ಬಳಿಯುವವರ ಬಿದಿರಿನ ಏಣಿಗಳು ಕಾಣಿಸಿಕೊಳ್ಳುತ್ತವೆ. ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣ ಬಳಿಯುವ ಪದ್ಧತಿ ನಮ್ಮ ನಾಡಿನಲ್ಲಿರುವಂತೆ, ಪೂಜೆಗೆ ಮುನ್ನ ಮನೆಯನ್ನು ಹೊಸದಾಗಿಸುವುದು ಬಂಗಾಳಿಗಳ ರೂಢಿ. ಈ ನಗರದಲ್ಲಿ ನೆಲೆ ನಿಂತ ಕನ್ನಡಿಗರಾದ ನಾವೂ ಕಾಲಕ್ರಮದಲ್ಲಿ ಅದೇ ರೂಢಿಗೆ ಬಿದ್ದಿದ್ದೇವೆ.

ನಮ್ಮ ಮನೆಯ ಅಡುಗೆಮನೆಯ ನವೀಕರಣಕ್ಕೆ ಕೈ ಹಾಕಿದ್ದೂ ಇಂತಹುದೇ ಒಂದು ಭಾದ್ರಪದ ಮಾಸದಲ್ಲಿ. ಹಳೆಯ ಕಟ್ಟೆಯನ್ನು ಒಡೆಸಿ ಕಪ್ಪು ಗ್ರಾನೈಟ್ ಹಾಕಿಸಿದ್ದಾಯಿತು. ಕಟ್ಟೆಯ ಮೇಲೆ ಎರಡು ಅಡಿ ಬಿಳಿ ಟೈಲ್ಸ್ ಕೂರಿಸಿದ್ದಾಯಿತು. ಉಳಿದ ಗೋಡೆಗೆ ಅರಿಶಿನದ ಬಣ್ಣವಿರಲಿ ಎಂಬುದು ಊರಿನ ಮನೆಯ ನೆನಪಿನಲ್ಲಿದ್ದ ತಾಯಿಯವರ ಆಸೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಶೇಡ್ ಕಾರ್ಡ್ ಹಿಡಿದು ಅಚ್ಚ ಹಳದಿಯೊಂದನ್ನು ಆರಿಸಿ, ನಾಲ್ಕು ಲೀಟರಿನ ಡಬ್ಬಿ ತಂದೆ. ಎರಡು ಕೋಟ್ ಮುಗಿದ ಸಂಜೆ ತಾಯಿ ಒಳಗೆ ಬಂದು, "ಇದೇನೋ, ಗೋಡೆಗೆ ಪಾಚಿ ಕಟ್ಟಿದ ಹಾಗಿದೆಯಲ್ಲೋ!" ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಹಳದಿಯು ಹಸಿರಿಗೆ ತಿರುಗಿತ್ತು. ಅದನ್ನು ಸ್ವಲ್ಪ ತಣಿಸೋಣವೆಂದು ರಂಗ್ ಮಿಸ್ತ್ರಿಯು ಉಳಿದ ಬಣ್ಣದಲ್ಲಿ ಒಂದಿಷ್ಟನ್ನು ತೆಗೆದು, ಕಪ್ಪು ಸ್ಟೈನರ್ ಬೆರೆಸಿ ಒಂದು ಮೂಲೆಗೆ ಬಳಿದ. ಅಲ್ಲಿ ಗೋಡೆ ಇನ್ನೂ ಹಸಿರಾಯಿತು.

ಅಂಗಡಿಯವನಿಗೂ ಮಿಸ್ತ್ರಿಗೂ ದೋಷ ಹೊರಿಸಿ ಕೂರುವುದು ಸುಲಭ. ಆದರೆ ತಪ್ಪು ನನ್ನದೇ ಎಂಬುದು ಆಮೇಲೆ ಅರಿವಾಯಿತು. ಬಣ್ಣವು ಡಬ್ಬಿಯಲ್ಲಿ ಸಿದ್ಧವಾಗಿ ಬರುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಡಬ್ಬಿಯಲ್ಲಿರುವುದು ಅರ್ಧ ಬಣ್ಣ ಮಾತ್ರ; ಮಿಕ್ಕ ಅರ್ಧವನ್ನು ಆ ಕೋಣೆಯ ಬೆಳಕು ಮತ್ತು ಆ ಗೋಡೆಯ ಗುಣ ಸೇರಿ ತುಂಬುತ್ತವೆ. ಈ ಮಾತನ್ನು ಮನದಲ್ಲಿಟ್ಟುಕೊಂಡರೆ ಆಯ್ಕೆಯೂ ಸುಲಭ, ಆಯ್ಕೆ ತಪ್ಪಿದರೆ ತಿದ್ದುವುದೂ ಸುಲಭ.

ಬಣ್ಣದ ಊರಿನಲ್ಲಿ

ಬಣ್ಣದ ವಿಷಯದಲ್ಲಿ ಕೋಲ್ಕತ್ತಕ್ಕೆ ಒಂದು ಹಿರಿಮೆಯಿದೆ. ಭಾರತದ ಬಣ್ಣ ತಯಾರಿಕೆಯ ಉದ್ಯಮವು ಬೆಳೆದದ್ದೇ ಹೂಗ್ಲಿ ನದಿಯ ಆಸುಪಾಸಿನಲ್ಲಿ. ಶಾಲಿಮಾರ್ ಪೇಂಟ್ಸ್ ಸಂಸ್ಥೆಯು ಹೌರಾದಲ್ಲಿ 1902ರಲ್ಲಿ ಆರಂಭವಾಯಿತು. ಇಂದು ಬರ್ಜರ್ ಪೇಂಟ್ಸ್ ಎಂದು ಪರಿಚಿತವಾಗಿರುವ ಸಂಸ್ಥೆಯು 1923ರಲ್ಲಿ ಇದೇ ನಗರದಲ್ಲಿ ಹ್ಯಾಡ್‌ಫೀಲ್ಡ್ಸ್ ಎಂಬ ಹೆಸರಿನಿಂದ ಹುಟ್ಟಿಕೊಂಡಿತು. ನಮ್ಮ ನಾಡೂ ಹಿಂದೆ ಬಿದ್ದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿರುವುದು ಅದೇ ಕಾರ್ಖಾನೆ.

ಬಣ್ಣಕ್ಕೆ ಹೆಸರಿಡುವ ರಸಿಕತೆಯಲ್ಲಿ ಬಂಗಾಳಿಗಳು ನಮಗೆ ಸಮಾನರು. ನಾವು ಗಿಳಿಹಸಿರು, ಬದನೆಕಾಯಿ ಬಣ್ಣ, ಈರುಳ್ಳಿ ಸಿಪ್ಪೆಯ ಬಣ್ಣ ಎನ್ನುವ ಹಾಗೆ ಅವರು 'ಕಚಿ ಕಲಾಪಾತಾ', ಅಂದರೆ ಎಳೆ ಬಾಳೆಲೆಯ ಬಣ್ಣ, ಎನ್ನುತ್ತಾರೆ. ನಮ್ಮ 'ಅರಿಶಿನ ಬಣ್ಣ'ದಂತೆ ಅವರಲ್ಲಿ 'ಹಲುದ್' ಎಂದರೆ ಅರಿಶಿನವೂ ಹೌದು, ಹಳದಿಯೂ ಹೌದು. ಮಿಸ್ತ್ರಿಯೊಡನೆ ಮಾತನಾಡುವಾಗ ಶೇಡ್ ಕಾರ್ಡಿನ ಇಂಗ್ಲಿಷ್ ಹೆಸರಿಗಿಂತ ಇಂತಹ ಹೋಲಿಕೆಗಳೇ ಹೆಚ್ಚು ಉಪಯುಕ್ತ. ಆದರೆ ಬಣ್ಣ ಕೊಳ್ಳುವಾಗ ಮಾತ್ರ ಕಾರ್ಡಿನಲ್ಲಿರುವ ಸಂಖ್ಯೆಯನ್ನೇ ಬರೆದು ಕೊಡತಕ್ಕದ್ದು.

ಗೋಡೆ ಮೊದಲು, ಬಣ್ಣ ಆಮೇಲೆ

ಪೂಜೆಗೆ ಮುನ್ನ ಬಣ್ಣ ಬಳಿಸುವ ರೂಢಿಯಲ್ಲಿ ಒಂದು ತೊಡಕಿದೆ. ಜೂನ್‌ನಲ್ಲಿ ಆರಂಭವಾದ ಮಳೆಗಾಲ ಇಲ್ಲಿ ಸಾಮಾನ್ಯವಾಗಿ ಅಕ್ಟೋಬರ್‌ವರೆಗೂ ಎಳೆಯುತ್ತದೆ. ಪೂಜೆಗೆ ಮುಂಚಿನ ವಾರಗಳಲ್ಲಿ ಗೋಡೆಗಳು ವರ್ಷದಲ್ಲೇ ಅತ್ಯಂತ ಹೆಚ್ಚು ನೀರು ಕುಡಿದಿರುತ್ತವೆ. ಹಬ್ಬಕ್ಕೆ ಚೆನ್ನಾಗಿ ಕಂಡ ಗೋಡೆ ಸರಸ್ವತಿ ಪೂಜೆಯ ಹೊತ್ತಿಗೆ ಹಪ್ಪಳದಂತೆ ಏಳುವುದಕ್ಕೆ ಇದೇ ಕಾರಣ. ಸಾಧ್ಯವಿದ್ದವರು ಅಡುಗೆಮನೆಯ ಕೆಲಸವನ್ನು ನವೆಂಬರಿನಿಂದ ಫೆಬ್ರವರಿಯೊಳಗಿನ ಒಣ ತಿಂಗಳುಗಳಿಗೆ ಇಟ್ಟುಕೊಳ್ಳುವುದು ಲೇಸು.

ಗೋಡೆ ಒಣಗಿದೆಯೇ ಎಂದು ತಿಳಿಯಲು ಸರಳ ಉಪಾಯವಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಳು ಕಂಡರೆ ತೇವ ಗೋಡೆಯೊಳಗಿದೆ. ಆಗ ಪೈಪು, ತಾರಸಿ, ಬುನಾದಿ ಇವುಗಳಲ್ಲಿ ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕಬೇಕು. ಹೊರಮೈಯಲ್ಲಿ ಮಾತ್ರ ಹನಿಗಳಿದ್ದರೆ ಅದು ಅಡುಗೆಯ ಹಬೆ. ಎಗ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕು.

ಗೋಡೆಯ ಬುಡದಲ್ಲಿ ಬಿಳಿಯ ಪುಡಿ ಏಳುವುದನ್ನು ಇಲ್ಲಿಯವರು 'ನೋನಾ ಧರಾ', ಎಂದರೆ ಉಪ್ಪು ಹಿಡಿಯುವುದು, ಎನ್ನುತ್ತಾರೆ. ನೆಲದ ನೀರು ಇಟ್ಟಿಗೆಯ ಮೂಲಕ ಮೇಲೇರಿ ಆವಿಯಾಗುವಾಗ ತನ್ನೊಳಗಿನ ಲವಣವನ್ನು ಗೋಡೆಯ ಮೇಲೆ ಬಿಟ್ಟುಹೋಗುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ನೀರಿಗೆ ಹೊರದಾರಿ ತಪ್ಪಿ, ಬಣ್ಣವನ್ನೇ ತಳ್ಳಿಕೊಂಡು ಬರುತ್ತದೆ. ಉತ್ತರ ಕೋಲ್ಕತ್ತದ ಹಳೆಯ ಸುಣ್ಣದ ಗಾರೆಯ ಮನೆಗಳಲ್ಲಿ ವಾಸವಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂತಹ ಗೋಡೆಗಳಿಗೆ ಉಸಿರಾಡಲು ಎಡೆ ಕೊಡುವ ಸುಣ್ಣವೇ ಇಂದಿಗೂ ಉತ್ತಮ.

ಹೊಸ ಸಿಮೆಂಟ್ ಗಾರೆಯ ಸಮಸ್ಯೆ ಬೇರೆ. ಅದರ ಕ್ಷಾರ ಗುಣವು ಬಣ್ಣವನ್ನು ತಿಂದು ಮಚ್ಚೆ ಮಚ್ಚೆಯಾಗಿಸುತ್ತದೆ. ಕನಿಷ್ಠ ನಾಲ್ಕು ವಾರ ಬಿಡುವುದು ವಾಡಿಕೆ. ಕ್ಷಾರ ಇಳಿದಿದೆಯೇ ಎಂದು ನೋಡಲು ನಮ್ಮ ಅಡುಗೆಮನೆಯಲ್ಲೇ ಸಾಮಗ್ರಿ ಇದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು, ಕುಂಕುಮ ಮಾಡುವ ಕ್ರಮ ಬಲ್ಲ ಎಲ್ಲರಿಗೂ ಗೊತ್ತು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಿಳಿ ಕಾಗದದ ತುಂಡನ್ನು ಮತ್ತೆ ಒದ್ದೆ ಮಾಡಿ ಗೋಡೆಗೆ ಒತ್ತಿ ಹಿಡಿಯಿರಿ. ಕಾಗದ ಕೆಂಪಗಾದರೆ ಇನ್ನೂ ಕಾಯಬೇಕು. ಹಳದಿಯಾಗಿಯೇ ಉಳಿದರೆ ಮೇಲ್ಮೈ ಬಣ್ಣಕ್ಕೆ ಸಿದ್ಧವಾಗಿದೆ.

ಕೆರೆಯುವ ಮುನ್ನ ಒಂದು ಎಚ್ಚರಿಕೆ

ಹಳೆಯ ಅಡುಗೆಮನೆಯ ಬಾಗಿಲು, ಕಿಟಕಿ, ಕಪಾಟುಗಳ ಮೇಲೆ ಹತ್ತಾರು ವರ್ಷಗಳ ಎನಾಮೆಲ್ ಬಣ್ಣದ ಪದರಗಳಿರುತ್ತವೆ. ಅಂದಿನ ಅಚ್ಚ ಹಳದಿ ಮತ್ತು ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಬಳಕೆಯಾಗುತ್ತಿತ್ತು. ಅದೇ ಹಳದಿಗೆ ನೀಲಿ ಸೇರಿಸಿ ಹಸಿರನ್ನೂ ತಯಾರಿಸುತ್ತಿದ್ದರು. ಕೋಲ್ಕತ್ತದ ಹಳೆಯ ಮನೆಗಳ ಹಸಿರು ಪಟ್ಟಿಬಾಗಿಲುಗಳ ಅಂದವನ್ನು ಮೆಚ್ಚುವಾಗ ಈ ಸಂಗತಿಯೂ ನೆನಪಿರಲಿ.

ಭಾರತ ಸರ್ಕಾರವು 2016ರಲ್ಲಿ ನಿಯಮಗಳನ್ನು ಹೊರಡಿಸಿ, ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ವಿಧಿಸಿತು. ತಯಾರಕರಿಗೆ ಇದು 2017ರ ನವೆಂಬರ್ 1ರಿಂದ ಅನ್ವಯವಾಯಿತು. ಆದ್ದರಿಂದ ಅದಕ್ಕೂ ಹಿಂದಿನ ಎನಾಮೆಲ್ ಪದರದಲ್ಲಿ ಸೀಸವಿರಬಹುದೆಂದೇ ಭಾವಿಸಿ ನಡೆಯುವುದು ಜಾಣತನ. ಸೀಸದ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಮಕ್ಕಳ ರಕ್ತದಲ್ಲಿ ಇಂತಿಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದಕಾರಣ ಹಳೆಯ ಎನಾಮೆಲನ್ನು ಒಣಗಿದ್ದಂತೆಯೇ ಸ್ಯಾಂಡ್ ಪೇಪರಿನಿಂದ ಉಜ್ಜಿಸಬಾರದು, ಬೆಂಕಿ ಹಿಡಿದು ಸುಲಿಸಲೂ ಬಾರದು. ನೀರು ಚಿಮುಕಿಸಿ, ಒದ್ದೆ ಮಾಡಿ ಕೆರೆಯಬೇಕು. ಭದ್ರವಾಗಿ ಅಂಟಿಕೊಂಡಿರುವ ಪದರವನ್ನು ಕೆರೆಯದೆ ಅದರ ಮೇಲೆಯೇ ಪ್ರೈಮರ್ ಕೊಡುವುದು ಇನ್ನೂ ಸುರಕ್ಷಿತ. ಪಾತ್ರೆ ಪಗಡೆ, ದಿನಸಿ ಡಬ್ಬಗಳು, ನೀರಿನ ಫಿಲ್ಟರ್ ಎಲ್ಲವೂ ಮೊದಲೇ ಹೊರಗೆ ಹೋಗಬೇಕು. ಕೆಲಸ ಮುಗಿಯುವವರೆಗೆ ಮಕ್ಕಳೂ ಗರ್ಭಿಣಿಯರೂ ಆ ಕಡೆ ಸುಳಿಯಬಾರದು. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಿಸ್ತ್ರಿಗೂ ಒಂದು ಒಳ್ಳೆಯ ಮುಸುಕು ತಂದು ಕೊಡಿ. ಅವನ ಮನೆಯಲ್ಲಿಯೂ ಮಕ್ಕಳಿರುತ್ತವೆ.

ಬೆಳಕು ಯಾವ ದಿಕ್ಕಿನದು?

ನಮ್ಮ ವಾಸ್ತು ಸಂಪ್ರದಾಯದಲ್ಲಿ ಅಡುಗೆಮನೆಗೆ ಆಗ್ನೇಯ ಮೂಲೆ ಮೀಸಲು. ಕೋಲ್ಕತ್ತದವರಿಗಾದರೋ ದಕ್ಷಿಣದ ಗಾಳಿಯೇ ಪ್ರಾಣ. ಫ್ಲಾಟಿನ ಜಾಹೀರಾತಿನಲ್ಲಿ 'ದಕ್ಷಿಣ ಖೋಲಾ' ಎಂಬ ಎರಡು ಪದಗಳಿಗೆ ಬೆಲೆ ಹೆಚ್ಚು. ಆ ದಕ್ಷಿಣವು ಮಲಗುವ ಕೋಣೆಗೂ ಬಾರಾಂದಾಕ್ಕೂ ಸಂದುಹೋಗಿ, ಅಡುಗೆಮನೆಗೆ ಹಲವೆಡೆ ಉತ್ತರದ ಕಿಟಕಿಯೋ ಪಕ್ಕದ ಕಟ್ಟಡದ ಸಂದಿಯೋ ಉಳಿಯುತ್ತದೆ.

ಉತ್ತರದ ಕಿಟಕಿಗೆ ನೇರ ಬಿಸಿಲು ಬಹು ಕಡಿಮೆ. ಒಳಗೆ ಬರುವುದು ಆಕಾಶದ ನೀಲಿ ಬೆರೆತ ಬೆಳಕು. ಅದರಲ್ಲಿ ಬೂದು, ತಿಳಿನೀಲಿ, ಅಚ್ಚ ಬಿಳಿ ಬಣ್ಣಗಳು ಮಂಕಾಗಿ ತಣ್ಣಗೆ ಕಾಣುತ್ತವೆ. ನಿಂಬೆ ಹಳದಿಯು ಹಸಿರಿನ ಕಡೆಗೆ ವಾಲುತ್ತದೆ. ಅಂತಹ ಕೋಣೆಗೆ ಕೆಂಪಿನ ಎಳೆಯಿರುವ ಕೆನೆ, ಕೇಸರಿ ಛಾಯೆಯ ಹಳದಿ, ಬಾದಾಮಿ ಬಣ್ಣಗಳು ಒಪ್ಪುತ್ತವೆ. ಪಶ್ಚಿಮದ ಕಿಟಕಿಯಲ್ಲಿ ಸಂಜೆಯ ಬೆಳಕೇ ಕೆಂಪಾಗಿರುವುದರಿಂದ ತಿಳಿಹಸಿರು, ಮುತ್ತಿನ ಬಿಳುಪು ಹಿತವಾಗಿರುತ್ತವೆ. ಆಗ್ನೇಯದ ಅಡುಗೆಮನೆ ದೊರೆತ ಭಾಗ್ಯವಂತರಿಗೆ ಹೆಚ್ಚಿನ ನಿರ್ಬಂಧವಿಲ್ಲ.

ಇದಲ್ಲದೆ ಕಿಟಕಿಯ ಹೊರಗೆ ಏನಿದೆ ಎಂಬುದನ್ನೂ ನೋಡಬೇಕು. ನಮ್ಮ ಕಿಟಕಿಯ ಎದುರಿಗೆ ಮಳೆಗಾಲದ ಪಾಚಿ ಹತ್ತಿದ ಗೋಡೆಯಿತ್ತು, ಪಕ್ಕದಲ್ಲಿ ಬೇವಿನ ಮರವಿತ್ತು, ಕಿಟಕಿಯ ಪಟ್ಟಿಬಾಗಿಲೂ ಹಸಿರಾಗಿತ್ತು. ಒಳಗೆ ಬರುತ್ತಿದ್ದ ಬೆಳಕು ಮೂರು ಕಡೆಯಿಂದ ಹಸಿರನ್ನು ಹೊತ್ತು ತರುತ್ತಿತ್ತು. ತಾಯಿಯವರ ಕಣ್ಣು ಕಂಡದ್ದು ಆ ಹಸಿರನ್ನೇ.

ರಾತ್ರಿಯ ದೀಪದ ಮಾತೂ ಹೀಗೆಯೇ. ದೀಪದ ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. 2700ರಿಂದ 3000 ಕೆಲ್ವಿನ್‌ನದು ಹಳೆಯ ಬಲ್ಬಿನಂತಹ ಹೊಂಬೆಳಕು. 4000ದ ಸುತ್ತಿನದು ಸಮಬೆಳಕು. ನಮ್ಮ ಅಂಗಡಿಗಳಲ್ಲಿ ಹೇರಳವಾಗಿ ಸಿಗುವ 6500ರದ್ದು ನೀಲಿ ಮಿಶ್ರಿತ ಬಿಳಿಬೆಳಕು. ಬಣ್ಣಗಳನ್ನು ಯಥಾವತ್ತಾಗಿ ತೋರಿಸುವ ಗುಣಕ್ಕೂ ಒಂದು ಅಂಕವಿದ್ದು, ಎಲ್ಇಡಿ ದೀಪದ ಪೆಟ್ಟಿಗೆಯ ಮೇಲೆ ಅದನ್ನು ಸಿ.ಆರ್.ಐ. ಎಂದು ನಮೂದಿಸಿರುತ್ತಾರೆ. ಅಡುಗೆಮನೆಗೆ ಅದು 90ರ ಆಸುಪಾಸಿನಲ್ಲಿದ್ದರೆ ಗೋಡೆ ಮಾತ್ರವಲ್ಲ, ತರಕಾರಿಯ ತಾಜಾತನವೂ ಸರಿಯಾಗಿ ತಿಳಿಯುತ್ತದೆ.

ಮಾದರಿ ನೋಡುವ ಕ್ರಮ

ಶೇಡ್ ಕಾರ್ಡಿನ ಬೆರಳಗಲದ ಚೌಕವು ಗೋಡೆಯಷ್ಟಗಲವಾದಾಗ ಗಾಢವಾಗುತ್ತದೆ. ಹಳದಿ ಗೋಡೆಯಿಂದ ಚಿಮ್ಮಿದ ಹಳದಿ ಬೆಳಕು ಎದುರಿನ ಹಳದಿ ಗೋಡೆಯ ಮೇಲೆ ಬಿದ್ದು, ಮತ್ತೆ ಹಿಂದಿರುಗಿ, ಬಣ್ಣದ ಮೇಲೆ ಬಣ್ಣ ಏರುವುದೇ ಇದಕ್ಕೆ ಕಾರಣ. ಹೀಗಾಗಿ ಮನಸ್ಸಿಗೆ ಹಿಡಿಸಿದ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದುದನ್ನೇ ಆರಿಸಬೇಕು.

ಒಂದು ಲೀಟರಿನ ಅಥವಾ ಅದಕ್ಕೂ ಚಿಕ್ಕ ಡಬ್ಬಿಯನ್ನು ತಂದು, ಎರಡಡಿ ಚೌಕದ ದಪ್ಪ ಬಿಳಿ ರಟ್ಟಿಗೆ ಎರಡು ಕೋಟ್ ಬಳಿಯಿರಿ. ಸುತ್ತಲೂ ಎರಡು ಬೆರಳು ಬಿಳಿಯ ಅಂಚು ಉಳಿಸಿದರೆ ಹಳೆಯ ಗೋಡೆಯ ಬಣ್ಣ ಕಣ್ಣನ್ನು ಮೋಸಗೊಳಿಸದು. ಆ ರಟ್ಟನ್ನು ನಾಲ್ಕೂ ಗೋಡೆಗಳಿಗೆ ಸರದಿಯಂತೆ ಒರಗಿಸಿ, ಬೆಳಗಿನ ಕಾಫಿಯ ಹೊತ್ತು, ನಡುಹಗಲು, ಸಂಜೆ, ದೀಪ ಹಚ್ಚಿದ ಮೇಲೆ ಎಂದು ನಾಲ್ಕು ಸಲ ನೋಡಿ. ಕಟ್ಟೆಯ ಕಲ್ಲಿನ ಮತ್ತು ಟೈಲ್ಸಿನ ತುಂಡುಗಳನ್ನು ಪಕ್ಕದಲ್ಲಿಡಿ. ಕಲ್ಲನ್ನೂ ಟೈಲ್ಸನ್ನೂ ಮೊದಲು ನಿಶ್ಚಯಿಸಿ, ಗೋಡೆಯ ಬಣ್ಣವನ್ನು ಕಡೆಯಲ್ಲಿ ಆರಿಸತಕ್ಕದ್ದು. ಬಣ್ಣದಲ್ಲಿ ಸಾವಿರಾರು ಛಾಯೆಗಳಿವೆ. ಕಲ್ಲಿನಲ್ಲಿ ಇರುವುದು ಬೆರಳೆಣಿಕೆ.

ಹಸಿ ಬಣ್ಣವನ್ನು ನೋಡಿ ತೀರ್ಪು ಕೊಡಬೇಡಿ. ಸುಣ್ಣವು ಒಣಗುತ್ತ ಬೆಳ್ಳಗಾಗುತ್ತದೆ. ಎಮಲ್ಷನ್ ಅದಕ್ಕೆ ವಿರುದ್ಧವಾಗಿ, ಒಣಗುತ್ತ ಸಾಮಾನ್ಯವಾಗಿ ಕೊಂಚ ಗಾಢವಾಗುತ್ತದೆ. ಮೆರುಗಿನ ವಿಷಯದಲ್ಲಿ, ಒಗ್ಗರಣೆಯ ಹೊಗೆಯೂ ಸಾಸಿವೆ ಎಣ್ಣೆಯ ಜಿಡ್ಡೂ ಕೂರುವ ಗೋಡೆಗೆ ತೊಳೆಯಬಹುದಾದ, ಸ್ವಲ್ಪವೇ ಹೊಳಪಿರುವ ಎಮಲ್ಷನ್ ಸೂಕ್ತ. ಬಿಳಿ ಎನಾಮೆಲ್ ಬೆಳಕಿಲ್ಲದ ಜಾಗದಲ್ಲಿ ಹಳದಿಗಟ್ಟುವುದರಿಂದ ಕಪಾಟಿನ ಒಳಮೈಗೆ ಅದು ಬೇಡ.

ಟೈಲ್ಸು, ಬಾಗಿಲು, ಕಿಟಕಿಗಳನ್ನು ಕಳೆದರೆ ಸಾಧಾರಣ ಅಡುಗೆಮನೆಯಲ್ಲಿ ಸುಮಾರು 200 ಚದರ ಅಡಿ ಗೋಡೆ ಉಳಿಯುತ್ತದೆ. ಒಂದು ಲೀಟರ್ ಎಮಲ್ಷನ್ ಒಂದು ಕೋಟಿಗೆ ಅಂದಾಜು 120ರಿಂದ 140 ಚದರ ಅಡಿ ಬರುವುದರಿಂದ, ಎರಡು ಕೋಟಿಗೆ ನಾಲ್ಕು ಲೀಟರಿನ ಒಂದು ಡಬ್ಬಿ ಸಾಕಾಗುತ್ತದೆ.

ತಪ್ಪಿದಾಗ ತಿದ್ದುವುದು ಹೇಗೆ?

ನಮ್ಮ ಅಜ್ಜಿಯಂದಿರು ಸುಣ್ಣದ ತಿಳಿಗೆ ಒಂದು ಚಿಟಿಕೆ ನೀಲಿ ಹಾಕುತ್ತಿದ್ದುದು ಹಲವರಿಗೆ ನೆನಪಿರಬಹುದು. ಸುಣ್ಣದಲ್ಲಿರುವ ಹಳದಿಯ ಸೂಕ್ಷ್ಮ ಛಾಯೆಯನ್ನು ಆ ನೀಲಿಯು ಅಡಗಿಸಿ, ಗೋಡೆಯನ್ನು ಹಾಲಿನಂತೆ ತೋರಿಸುತ್ತಿತ್ತು. ಬೇಡವಾದ ಛಾಯೆಯನ್ನು ಅದರ ಎದುರು ಬಣ್ಣದಿಂದ ಅಡಗಿಸುವುದು ಎಂಬ ಬಣ್ಣ ತಿದ್ದುವ ಮೂಲಸೂತ್ರವೆಲ್ಲ ಆ ಚಿಟಿಕೆಯಲ್ಲಿದೆ. ಹಸಿರು ಹೆಚ್ಚಾದರೆ ಕೆಂಪಿನ ಎಳೆ. ಗುಲಾಬಿ ಹೆಚ್ಚಾದರೆ ಹಸಿರಿನ ಎಳೆ. ಬಿಳಿ ತೀರ ತಣ್ಣಗೆ ಕಂಡರೆ ಹಳದಿ ಮಣ್ಣಿನ ಬಣ್ಣದ ಎಳೆ. ಹಳದಿಯನ್ನು ತಣಿಸಲು ಮಾತ್ರ ಕಪ್ಪನ್ನು ಮುಟ್ಟಬಾರದು. ಹಳದಿಗೆ ಕಪ್ಪು ಸೇರಿದರೆ ಹುಟ್ಟುವುದು ಹಸಿರೇ. ನಮ್ಮ ಮಿಸ್ತ್ರಿಯ ಪ್ರಯತ್ನ ಕೈಕೊಟ್ಟದ್ದು ಅದಕ್ಕೇ.

ಆದರೆ ಡಬ್ಬಿಗೆ ಕೈ ಹಾಕುವ ಮುಂಚೆ ಖರ್ಚಿಲ್ಲದ ಉಪಾಯಗಳನ್ನು ನೋಡಬೇಕು. ಒಂದು ಇಡೀ ದಿನ ಒಣಗಲು ಬಿಡಿ. ನೆಲಕ್ಕೆ ಹಾಸಿದ ನೀಲಿ ಪ್ಲಾಸ್ಟಿಕ್ಕನ್ನು ತೆಗೆದುಬಿಡಿ; ಅದರ ಪ್ರತಿಫಲನವೂ ಗೋಡೆಯ ಬಣ್ಣವನ್ನು ಕೆಡಿಸುತ್ತದೆ. ದೀಪ ಬದಲಿಸಿ ನೋಡಿ. ಎಷ್ಟೋ ಸಲ ಕೆಲವು ನೂರು ರೂಪಾಯಿಯ ದೀಪವೇ ಗೋಡೆಯನ್ನು ಸರಿಪಡಿಸಿಬಿಡುತ್ತದೆ.

ಅದರಿಂದಲೂ ಆಗದಿದ್ದರೆ ಬೆರಕೆಗೆ ತೊಡಗಬಹುದು. ಗಾಢ ಬಣ್ಣವನ್ನು ತಿಳಿಯಾಗಿಸಲು ಅದರೊಳಗೆ ಬಿಳಿಯನ್ನು ಸುರಿಯುತ್ತ ಹೋದರೆ ಡಬ್ಬಿಗಳು ತುಂಬುತ್ತವೆಯೇ ಹೊರತು ಬಣ್ಣ ಹದಕ್ಕೆ ಬರುವುದಿಲ್ಲ. ಬಿಳಿಯನ್ನು ಬಕೆಟ್ಟಿಗೆ ಹಾಕಿ, ಅದರೊಳಗೆ ಗಾಢ ಬಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು. ಸಾರಿಗೆ ಉಪ್ಪು ಹಾಕುವಂತೆ. ಎರಡೂ ಒಂದೇ ಜಾತಿಯ ಎಮಲ್ಷನ್ ಆಗಿರಬೇಕು. ಎಣ್ಣೆಯ ಎನಾಮೆಲ್ಲಿಗೂ ನೀರಿನ ಎಮಲ್ಷನ್ನಿಗೂ ಸಂಬಂಧ ಕೂಡದು. ಮೊದಲು ಒಂದು ಲೋಟದಷ್ಟನ್ನು ತೆಗೆದು, ಸೂಜಿಯಿಲ್ಲದ ಸಿರಿಂಜಿನಿಂದ ಸ್ಟೈನರನ್ನು ಹನಿ ಹನಿಯಾಗಿ ಹಾಕಿ, ಪ್ರತಿ ಸಲವೂ ಎಷ್ಟು ಹನಿ ಎಂದು ಬರೆದಿಟ್ಟು, ರಟ್ಟಿಗೆ ಬಳಿದು ಒಣಗಿಸಿ ನೋಡಬೇಕು. ಡಬ್ಬಿಯ ಮೇಲೆ ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಸ್ಟೈನರ್ ಹಾಕಿದರೆ ಬಣ್ಣ ಸರಿಯಾಗಿ ಒಣಗದು. ಇಡೀ ಕೋಣೆಗೆ ಬೇಕಾದಷ್ಟನ್ನೂ ಒಂದೇ ಸಲ ಕಲಸಿಕೊಳ್ಳಬೇಕು. ಎರಡನೆಯ ಬಾರಿಯ ಬೆರಕೆ ಮೊದಲನೆಯದಕ್ಕೆ ಎಂದೂ ಸರಿಹೊಂದುವುದಿಲ್ಲ.

ನಮ್ಮ ಮನೆಯಲ್ಲಿ ಜನವರಿಯವರೆಗೆ ಕಾದೆವು. 6500ರ ಟ್ಯೂಬನ್ನು ತೆಗೆದು 3000ದ ದೀಪ ಹಾಕಿದೆವು. ಮೂರು ಲೀಟರ್ ಬಿಳಿ ಎಮಲ್ಷನ್ನಿಗೆ, ಕಪ್ಪು ಸೇರದೆ ಉಳಿದಿದ್ದ ಹಳದಿಯಲ್ಲಿ ಮುಕ್ಕಾಲು ಲೀಟರನ್ನು ಸೇರಿಸಿ, ಕೆಮ್ಮಣ್ಣಿನ ಬಣ್ಣದ ಸ್ಟೈನರನ್ನು ಹನಿಯ ಲೆಕ್ಕದಲ್ಲಿ ಬೆರೆಸಿದೆವು. ಮಿಸ್ತ್ರಿಯೇ ಆಸಕ್ತಿಯಿಂದ ಹನಿ ಎಣಿಸಿದ. ದೊರೆತದ್ದು ಮಜ್ಜಿಗೆಹುಳಿಯ ತಿಳಿಹಳದಿ.

ಹಿರಿಯರ ಕಣ್ಣಿಗೆ

ಕೊನೆಯದಾಗಿ, ಆಯ್ಕೆಯ ಗಡಿಬಿಡಿಯಲ್ಲಿ ನಾವು ಮರೆಯುವ ಒಂದು ವಿಷಯ. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಗಟ್ಟುತ್ತದೆ. ನೀಲಿ, ನೇರಳೆಗಳು ಮಂಕಾಗುತ್ತವೆ. ಹತ್ತಿರ ಹತ್ತಿರದ ತಿಳಿಬಣ್ಣಗಳು ಒಂದರೊಳಗೊಂದು ಕರಗಿಹೋಗುತ್ತವೆ. ಬಿಳಿ ಗೋಡೆ, ಬಿಳಿ ಟೈಲ್ಸು, ಬಿಳಿ ಕಟ್ಟೆ ಚಿತ್ರದಲ್ಲಿ ಸೊಗಸಾಗಿ ಕಂಡರೂ, ಕಟ್ಟೆಯ ಅಂಚು ಎಲ್ಲಿ ಮುಗಿಯಿತೆಂದು ಹಿರಿಯರಿಗೆ ತಿಳಿಯದೆ ಬಿಸಿ ಪಾತ್ರೆ ಕೈಜಾರಬಹುದು. ಕಟ್ಟೆಗೂ ಗೋಡೆಗೂ, ಸ್ವಿಚ್ಚಿಗೂ ಅದರ ಹಿನ್ನೆಲೆಗೂ ಸ್ಪಷ್ಟವಾದ ಅಂತರವಿರಲಿ. ಮನೆಯಲ್ಲಿ ಹೆಚ್ಚು ಹೊತ್ತು ಅಡುಗೆಮನೆಯಲ್ಲಿರುವವರು ಯಾರೋ, ಮಾದರಿಯ ರಟ್ಟನ್ನು ಮೊದಲು ಅವರಿಗೆ ತೋರಿಸಿ.

ಈಗ ನಮ್ಮ ತಾಯಿ ಬೆಳಿಗ್ಗೆ ಆ ತಿಳಿಹಳದಿ ಗೋಡೆಯ ಮುಂದೆ ನಿಂತು, ಕಪ್ಪು ಕಟ್ಟೆಯ ಅಂಚನ್ನು ಕೈಯಿಂದ ತಡವದೆಯೇ ಕಾಫಿಯ ಲೋಟ ಇಡುತ್ತಾರೆ. "ಊರಿನ ಗೋಡೆಯಷ್ಟಿಲ್ಲ, ಆದರೂ ಪರವಾಗಿಲ್ಲ" ಎಂಬುದು ಅವರ ಪ್ರಶಸ್ತಿಪತ್ರ. ಹಬ್ಬಕ್ಕೆ ಬಣ್ಣ ಬಳಿಸಲು ಹೊರಟಿರುವ ಬಂಧುಗಳು ಗೋಡೆಯನ್ನು ಒಣಗಲು ಬಿಟ್ಟು, ಹಳೆಯ ಪದರವನ್ನು ಒದ್ದೆ ಮಾಡಿ ಕೆರೆಸಿ, ಬಣ್ಣವನ್ನು ತಮ್ಮ ಮನೆಯ ಬೆಳಕಿನಲ್ಲೇ ನೋಡಿ ಆರಿಸಲಿ ಎಂಬುದಷ್ಟೇ ಈ ಲೇಖನದ ಆಶಯ.